ಎರಡೂಕಾಲು ಸೆಕೆಂಡು

ಇಪ್ಪತ್ತೈದು ಮೀಟರು ಏರುವ ನೀರಿಗೆ
ಎರಡೂಕಾಲು ಸೆಕೆಂಡು ಬೇಕು.
ಇದನ್ನು ಯಾವ ಮ್ಯಾನೇಜರೂ ಕಡಿಮೆ ಮಾಡಿಸಲಾರ.
ಹಾಗಾಗಿ ಡೋಲಿನ ಪೆಟ್ಟು ಬೀಳುವ ಮುಂಚೆ,
ಹಾಡಿಗೇ ಇನ್ನೂ ಗೊತ್ತಿಲ್ಲದಾಗ,
ಕೊಳದ ತಳದಲ್ಲೊಂದು ವಾಲ್ವು ಬಾಯಿ ತೆರೆದಿರುತ್ತದೆ.

ಹಾಡಿಗೆ ನೀರು ಕುಣಿಯುತ್ತದೆ ಅನ್ನುತ್ತಾರೆ ಜನ.
ಸುಳ್ಳು.
ಮೊದಲು ಹೊರಡುವುದು ನೀರು,
ಹಾಡು ಹಿಂದಿನಿಂದ ಓಡಿಬಂದು
ತುದಿಯಲ್ಲಿ ಅದರ ಕೈ ಹಿಡಿಯುತ್ತದೆ.

ಗೋಲ್ಡ್ ಕೋಸ್ಟಿನ ಈ ಪಾರ್ಕಿನಲ್ಲಿ ನನ್ನ ಜಾಗ
ಐಸ್‌ಕ್ರೀಮ್ ಅಂಗಡಿಯ ಕೆಳಗೆ, ಹದಿನಾಲ್ಕು ಮೆಟ್ಟಿಲು ಇಳಿದರೆ.
ಮೂವತ್ತಾರು ಪಂಪು. ಕಿವಿಗೆ ಮುಚ್ಚಳ.
ಹನ್ನೊಂದನೆಯದು ಕೆಮ್ಮುತ್ತದೆ;
ಬೇರಿಂಗಿಗೆ ಬರೆದು ಮೂರು ತಿಂಗಳು,
ಬರುತ್ತದಂತೆ, ಮೆಲ್ಬರ್ನಿನಿಂದ.
ಊರ ಹೆಸರಲ್ಲಿ ಚಿನ್ನವಿದೆ, ನೆಲದಲ್ಲಿಲ್ಲ.
ನನ್ನ ಊರಿನ ನೆಲದಲ್ಲಿತ್ತು.

ಹಟ್ಟಿಯ ಗಣಿಯಲ್ಲಿ ಅಪ್ಪ ಪಂಪಿನವನು.
ಎರಡು ಸಾವಿರ ಅಡಿ ಕೆಳಗಿನ ಕೆಸರು ನೀರನ್ನು
ಹಂತ ಹಂತವಾಗಿ ಎತ್ತಿ ಹೊರಗೆ ಚೆಲ್ಲುವ ಕೆಲಸ.
ಪೈಪಿಗೆ ಅಂಗೈ ಒತ್ತಿ ಹೇಳುತ್ತಿದ್ದ,
ಈಗ ಎರಡನೇ ತೊಟ್ಟಿ ದಾಟಿತು, ಈಗ ಬಿಸಿಲು ಕಂಡಿತು.
ಮೇಲೆ ಬಂದ ನೀರು ಹಳ್ಳ ಸೇರುತ್ತಿತ್ತು.
ಅದಕ್ಕೆ ಚಪ್ಪಾಳೆ ತಟ್ಟಿದವರಿಲ್ಲ.
ಒಂದು ದಿನ ಎತ್ತದಿದ್ದರೆ ಮಾತ್ರ
ಊರಿಗೆಲ್ಲ ಅವನ ಹೆಸರು ನೆನಪಾಗುತ್ತಿತ್ತು.

ಇಲ್ಲಿ ನೀರನ್ನು ಗಾಜು ಮಾಡುತ್ತೇವೆ.
ಗುಟ್ಟು ಇಷ್ಟೇ: ನಳಿಕೆಯೊಳಗೆ
ಸಾವಿರಾರು ಸಣ್ಣ ಸ್ಟ್ರಾ ಒತ್ತೊತ್ತಾಗಿ ತುರುಕಬೇಕು.
ಗಲಾಟೆ ಮಾಡುತ್ತ ಒಳಹೊಕ್ಕ ನೀರು
ಒಂದೊಂದೇ ದಾರಿಯಲ್ಲಿ, ಸಾಲು ಹಿಡಿದು,
ಹೊರಗೆ ಬರುವಾಗ ಕೋಲಿನಂತೆ ಬಾಗಿರುತ್ತದೆ, ಮುರಿಯದೆ.
ಒಂದು ಸ್ಟ್ರಾದಲ್ಲಿ ಪಾಚಿ ಕಟ್ಟಿದರೆ ಸಾಕು,
ಗಾಜು ಮತ್ತೆ ನೀರಾಗಿ ಉದುರುತ್ತದೆ.

ನೀರಲ್ಲಿ ಹೋಮ ಮಾಡಿದಂತೆ ಅನ್ನುತ್ತಿದ್ದಳು ಅವ್ವ,
ವ್ಯರ್ಥವಾದ ಪ್ರತಿಯೊಂದಕ್ಕೂ.
ಅವ್ವಾ, ಇಲ್ಲಿ ನಿಜವಾಗಿಯೂ ಮಾಡುತ್ತೇವೆ,
ದಿನಕ್ಕೆ ಎರಡು ಸಲ, ಕೊಳದ ನಡುವೆ ಗ್ಯಾಸ್ ಹೊತ್ತಿಸಿ.
ಟಿಕೆಟ್ಟು ಇಟ್ಟಿದ್ದಾರೆ.

ಮೊನ್ನೆ ಶನಿವಾರ ಆಗ್ನೇಯದ ಗಾಳಿ.
ಮೇಲಿನ ಮೇಜಿನಿಂದ ನೊರೀನ್ ಟ್ವೈಫರ್ಡ್,
ನೀಲಗಂಗಾ ಅನ್ನಲು ನಾಲಿಗೆ ಹೊರಳದವಳು, ಕೂಗಿದಳು:
ನೀಲ್, ಗಾಳಿ ಒಂಬತ್ತು. ಅರ್ಧಕ್ಕೆ ಇಳಿಸುತ್ತಿದ್ದೇನೆ.
ಅರ್ಧ ಎತ್ತರಕ್ಕೆ ಅರ್ಧ ಹೊತ್ತಲ್ಲ,
ವರ್ಗಮೂಲದ ಲೆಕ್ಕ ಅದು: ಒಂದು ಪಾಯಿಂಟ್ ಆರು.
ಎತ್ತರ ಇಳಿಯಿತು. ಹೊತ್ತಿನ ಪಟ್ಟಿ ಬದಲಾಗಲಿಲ್ಲ.
ಮುಕ್ಕಾಲು ಸೆಕೆಂಡಿಗಿಂತ ಚೂರು ಮುಂಚೆಯೇ
ನೀರು ತುದಿ ಮುಟ್ಟಿ, ಸುತ್ತ ನೋಡಿ,
ಯಾರೂ ಬಂದಿಲ್ಲವೆಂದು ವಾಪಸು ಬೀಳತೊಡಗಿತು.
ಆಮೇಲೆ ಡೋಲು.

ಇಡೀ ಪ್ರದರ್ಶನ ಹೀಗೇ. ಹದಿನೆಂಟು ನಿಮಿಷ.
ನನ್ನ ಅಂಗೈಯಲ್ಲಿ ಪೈಪು, ಕಿವಿಯಲ್ಲಿ ಹಾಡು,
ನಡುವೆ ನಾನು, ಎಡಗಾಲಿಗೆ ಬಲಗಾಲ ಚಪ್ಪಲಿ ಹಾಕಿದವಳ ಹಾಗೆ.
ಮೇಲೆ ಚಪ್ಪಾಳೆ. ಎಂದಿನಷ್ಟೇ.
ನೊರೀನ್ ಕೆಳಗಿಳಿದು ಬಂದಳು,
ಆಲೂ ಚಿಪ್ಸಿನ ಪೊಟ್ಟಣ ಬಿಚ್ಚಿದಳು.
ಇಬ್ಬರೂ ತಿಂದೆವು. ಮಾತಾಡಲಿಲ್ಲ.

ರಾತ್ರಿ ಸೆಫೊ ಮುಳುಗಿ ಜಾಲರಿ ಕೆರೆಯುತ್ತಾನೆ.
ಕ್ಲಿಪ್ಪು, ನಾಣ್ಯ, ಯಾವುದೋ ಹುಡುಗನ ಹಲ್ಲಿನ ತಂತಿ.
ದಂಡೆಯಲ್ಲೊಂದು ಬಿಳಿ ಕೆಂಬರಲು
ಮೇಲ್ವಿಚಾರಕನಂತೆ ನಿಂತು ನೋಡುತ್ತದೆ.
ನಾನು ಕೊಳದ ಮಟ್ಟ ಅಳೆಯುತ್ತೇನೆ.
ಗಾಳಿಯ ದಿನ ಆರುನೂರು ಲೀಟರು ಕಮ್ಮಿ.
ಎಲ್ಲಿ ಹೋಯಿತು ಗೊತ್ತು:
ಅಂಗಿಗಳಲ್ಲಿ, ಜಡೆಗಳಲ್ಲಿ, ಮಗುವಿನ ಗಾಡಿಯ ಚಾದರದಲ್ಲಿ,
ಬಸ್ಸು ಹತ್ತಿ, ಕಾರು ಹತ್ತಿ ಮನೆಗೆ.
ರಿಜಿಸ್ಟರಿನಲ್ಲಿ ಅದಕ್ಕೊಂದೇ ಕಾಲಮ್ಮಿದೆ, ನಷ್ಟ.
ಅದರಲ್ಲೇ ಬರೆದೆ.
ನಲ್ಲಿ ತಿರುಗಿಸಿ, ಪೈಪಿಗೆ ಕೈ ಇಟ್ಟು ಕಾದೆ.